ಮಂಜಿನ ಬೆಟ್ಟದಲ್ಲಿ ಎಚ್ಚರವಿದ್ದ ರಾತ್ರಿ

ಹರೆಯದ ಮಕ್ಕಳು ಬೆಟ್ಟ ಹತ್ತಲು ಹೋಗುತ್ತೇವೆಂದು ಚೀಲ ಕಟ್ಟಿಕೊಂಡು ನಿಂತರೆ ಮನೆಯ ಹಿರಿಯರ ಎದೆ ಅಳುಕುವುದು ಸಹಜ. ದೇವರು ಕೊಟ್ಟ ಜೀವವನ್ನು ಆಟಕ್ಕಾಗಿ ಅಪಾಯಕ್ಕೆ ಒಡ್ಡುವುದು ಸರಿಯೇ, ಆ ಸಮಯವನ್ನು ಪ್ರಾರ್ಥನೆಗೋ ಓದಿಗೋ ಕೊಡಬಾರದೇ ಎಂದು ತಂದೆತಾಯಿ ಕೇಳುತ್ತಾರೆ. ಕೇಳಬೇಕಾದ ಪ್ರಶ್ನೆಯೇ. ಇದಕ್ಕೆ ತನ್ನ ಬದುಕಿನಿಂದಲೇ ಉತ್ತರ ಕೊಟ್ಟವರೊಬ್ಬರು ಸಂತ ಪೇತ್ರರ ಪೀಠದಲ್ಲಿ ಹದಿನೇಳು ವರ್ಷ ಕುಳಿತಿದ್ದರು. ಅವರೇ ಜಗದ್ಗುರು ಹನ್ನೊಂದನೆಯ ಪಯಸ್. ಕ್ರಿಸ್ತರಾಜರ ಹಬ್ಬವನ್ನು 1925ರಲ್ಲಿ ಧರ್ಮಸಭೆಗೆ ಕೊಟ್ಟವರೆಂದು ನಾವು ಅವರನ್ನು ಬಲ್ಲೆವು. ಅವರು ನುರಿತ ಪರ್ವತಾರೋಹಿಯೂ ಆಗಿದ್ದರೆಂಬುದು ಬಹಳ ಮಂದಿಗೆ ತಿಳಿಯದು.

ಅವರ ಮೂಲ ಹೆಸರು ಅಕಿಲ್ಲೆ ರತ್ತಿ. ಇಟಲಿಯ ಮಿಲಾನ್ ನಗರದ ಸಮೀಪದ ದೇಸಿಯೊ ಎಂಬ ಊರಿನಲ್ಲಿ 1857ರ ಮೇ 31ರಂದು ಹುಟ್ಟಿದರು. ತಂದೆ ರೇಷ್ಮೆ ಕಾರ್ಖಾನೆಯ ಮೇಲ್ವಿಚಾರಕರು. ದುಡಿಮೆಯ ಮನೆ, ಭಕ್ತಿಯ ಮನೆ. ಹುಡುಗನ ಚಿಕ್ಕಪ್ಪ ಕೋಮೊ ಸರೋವರದ ಬಳಿಯ ಆಸ್ಸೊ ಎಂಬಲ್ಲಿ ಧರ್ಮಕೇಂದ್ರದ ಗುರುಗಳಾಗಿದ್ದರು. ರಜೆ ಬಂತೆಂದರೆ ಅಕಿಲ್ಲೆಯ ವಾಸ ಅಲ್ಲಿಯೇ. ಬೆಳಗ್ಗೆ ಚಿಕ್ಕಪ್ಪನ ಬಲಿಪೂಜೆ, ಕಣ್ಣೆತ್ತಿದರೆ ಬೆಟ್ಟಗಳ ಸಾಲು. ಗುರುವಾಗುವ ಕರೆಯೂ ಬೆಟ್ಟದ ಸೆಳೆತವೂ ಆ ಎಳೆಯ ಮನಸ್ಸಿನಲ್ಲಿ ಒಟ್ಟಿಗೇ ಬೇರುಬಿಟ್ಟವು.

1879ರ ಡಿಸೆಂಬರ್ 20ರಂದು ರೋಮ್ ನಗರದಲ್ಲಿ ಅವರಿಗೆ ಗುರುದೀಕ್ಷೆಯಾಯಿತು. ತತ್ತ್ವಶಾಸ್ತ್ರ, ದೈವಶಾಸ್ತ್ರ, ಧರ್ಮಸಭೆಯ ಕಾನೂನು, ಮೂರರಲ್ಲಿಯೂ ಡಾಕ್ಟರ್ ಪದವಿ ಪಡೆದು ಮಿಲಾನಿಗೆ ಮರಳಿ ಗುರುಮಠದಲ್ಲಿ ಪಾಠ ಹೇಳಿದರು. 1888ರಲ್ಲಿ ಅಲ್ಲಿನ ಪ್ರಸಿದ್ಧ ಆಂಬ್ರೋಸಿಯನ್ ಗ್ರಂಥಾಲಯಕ್ಕೆ ಸೇರಿದರು. ಹಳೆಯ ಹಸ್ತಪ್ರತಿಗಳ ನಡುವೆ ಧೂಳು ಒರೆಸುತ್ತ, ಅಕ್ಷರಗಳನ್ನು ಬಿಡಿಸುತ್ತ ಕೂರುವ ಮೌನದ ಕೆಲಸ ಅದು.

ಅವರ ಇನ್ನೊಂದು ಸೇವೆಯನ್ನು ಇಲ್ಲಿ ಹೇಳಲೇಬೇಕು. ಆ ಕಾಲದಲ್ಲಿ ಆಲ್ಪ್ಸ್ ಬೆಟ್ಟದ ಹಳ್ಳಿಗಳಲ್ಲಿ ಚಳಿಗಾಲವೆಂದರೆ ಕೆಲಸವಿಲ್ಲದ ತಿಂಗಳುಗಳು. ಹೊಲ ಮಂಜಿನಡಿಯಲ್ಲಿ, ದನಕರು ಕೊಟ್ಟಿಗೆಯಲ್ಲಿ. ಬಡವರ ಮನೆಯ ಚಿಕ್ಕ ಹುಡುಗರು ಹೊಟ್ಟೆಪಾಡಿಗಾಗಿ ನಗರಕ್ಕೆ ಇಳಿದು ಬಂದು, ಹೊಗೆಗೂಡುಗಳೊಳಗೆ ನುಸುಳಿ ಮಸಿ ಕೆರೆಯುತ್ತಿದ್ದರು. ಮಿಲಾನಿಗೆ ಬಂದ ಇಂತಹ ಹುಡುಗರಿಗೆ ಫಾದರ್ ರತ್ತಿಯವರು ಧರ್ಮೋಪದೇಶ ಹೇಳಿಕೊಟ್ಟು, ಮೊದಲ ಪರಮಪ್ರಸಾದಕ್ಕೆ ಸಿದ್ಧಗೊಳಿಸುತ್ತಿದ್ದರು. ಬೆಟ್ಟ ಅವರಿಗೆ ಕೇವಲ ವಿಹಾರದ ಜಾಗವಾಗಿರಲಿಲ್ಲ. ಆ ಬೆಟ್ಟದ ಚಳಿ ಬಡವರ ಮಕ್ಕಳಿಗೆ ಏನು ಮಾಡುತ್ತದೆಂದು ಅವರು ಬಲ್ಲವರಾಗಿದ್ದರು.

ಈಗ ಆ ರಾತ್ರಿಯ ವಿಷಯಕ್ಕೆ ಬರೋಣ. ಇಟಲಿ ಮತ್ತು ಸ್ವಿಟ್ಜರ್ಲೆಂಡ್ ನಡುವಿನ ಗಡಿಯಲ್ಲಿ ಮಾಂಟೆ ರೋಸಾ ಎಂಬ ಪರ್ವತವಿದೆ. ಅದರ ಅತ್ಯುನ್ನತ ಶಿಖರ ಡುಫೂರ್, ಎತ್ತರ 4,634 ಮೀಟರ್. ಇಟಲಿಯ ಮಕುನ್ಯಾಗ ಹಳ್ಳಿಯ ಕಡೆಗೆ ಅದರ ಪೂರ್ವದ ಮೈ ಎರಡು ಸಾವಿರ ಮೀಟರಿಗೂ ಹೆಚ್ಚು ಎತ್ತರದ ಮಂಜು ಮತ್ತು ಬಂಡೆಯ ಗೋಡೆಯಂತೆ ನಿಂತಿದೆ. ಕೆಳಗಿನ ಕಣಿವೆಯಲ್ಲಿ ಹುಲ್ಲು ಹಸಿರಾಗಿ ಹೂ ಅರಳಿದ್ದರೂ ಮೇಲೆ ಚಳಿಗಾಲ ಕಾಲ್ತೆಗೆಯುವುದೇ ಇಲ್ಲ. ಬಿಸಿಲು ಏರಿದಂತೆಲ್ಲ ಹಿಮರಾಶಿ ಕಳಚಿ ಬೀಳುತ್ತದೆ. 1881ರ ಆಗಸ್ಟಿನಲ್ಲಿ ದಾಮಿಯಾನೊ ಮರಿನೆಲ್ಲಿ ಎಂಬ ಇಟಲಿಯ ಆರೋಹಿ ತನ್ನ ಇಬ್ಬರು ಮಾರ್ಗದರ್ಶಿಗಳೊಂದಿಗೆ ಅಲ್ಲಿನ ಹಿಮದ ಕೊರಕಲಿನಲ್ಲಿ ಹೀಗೆಯೇ ಸತ್ತಿದ್ದನು. ಆ ಕೊರಕಲಿಗೆ ಇಂದಿಗೂ ಅವನದೇ ಹೆಸರು.

ಎಂಟು ವರ್ಷಗಳ ಬಳಿಕ, 1889ರ ಜುಲೈ ಕೊನೆಯಲ್ಲಿ, ಮೂವತ್ತೆರಡು ವರ್ಷದ ಫಾದರ್ ರತ್ತಿಯವರು ಅದೇ ದಾರಿ ಹಿಡಿದರು. ಜೊತೆಗೆ ಗೆಳೆಯರಾದ ಫಾದರ್ ಲೂಯಿಜಿ ಗ್ರಸ್ಸೆಲ್ಲಿ, ಮಾರ್ಗದರ್ಶಿ ಜುಸೆಪ್ಪೆ ಗಾದಿನ್, ಹೊರೆ ಹೊರಲು ಅಲೆಸ್ಸಿಯೊ ಪ್ರೊಮೆಂಟ್. ಅವರ ಸಲಕರಣೆಯನ್ನು ಇಂದಿನವರು ಕಂಡರೆ ಬೆರಗಾದಾರು. ಅಡಿಗೆ ಮೊಳೆ ಹೊಡೆದ ಚರ್ಮದ ಬೂಟು, ನಾರಿನ ಹಗ್ಗ, ಉಣ್ಣೆಯ ಬಟ್ಟೆ, ಮರದ ಹಿಡಿಯ ಹಿಮಗೊಡಲಿ, ಇಷ್ಟೇ. ನೈಲಾನ್ ಹಗ್ಗವಾಗಲಿ ಹಕ್ಕಿಗರಿ ತುಂಬಿದ ಹಗುರ ಕೋಟಾಗಲಿ ಆಗ ಇರಲಿಲ್ಲ. ಕಡಿದಾದ ಮಂಜುಗಡ್ಡೆಯಲ್ಲಿ ಕೊಡಲಿಯಿಂದ ಒಂದೊಂದೇ ಮೆಟ್ಟಿಲು ಕಡಿದು ಏರಬೇಕು. ಮಾರ್ಗದರ್ಶಿ ಕಡಿದ ಮೆಟ್ಟಿಲಲ್ಲಿ ಹಿಂದಿನವನು ಕಾಲಿಡಬೇಕು. ನಾಲ್ವರಿಗೂ ಒಂದೇ ಹಗ್ಗ.

ಹಿಮ ಗಟ್ಟಿಯಾಗಿರುವಾಗಲೇ ಅಪಾಯದ ಕೊರಕಲನ್ನು ದಾಟಬೇಕೆಂದು ನಡುರಾತ್ರಿಯ ಹೊತ್ತಿಗೆ ಗುಡಿಸಲಿನಿಂದ ಹೊರಟರು. ದಿನವಿಡೀ ಏರಿದರು. ಜುಲೈ 30ರಂದು ಮೇಲಿನ ಬಂಡೆಸಾಲನ್ನು ಮುಟ್ಟುವಾಗ ಹೊತ್ತು ಮುಳುಗುತ್ತಿತ್ತು. ಕತ್ತಲೆಯಲ್ಲಿ ಇಳಿಯುವುದೆಂದರೆ ಸಾವಿಗೆ ಆಹ್ವಾನ ಕೊಟ್ಟಂತೆ. ತುದಿಯಲ್ಲಿ ಗಾಳಿಗೆ ನಿಲ್ಲಲಾಗದು. ಆದ್ದರಿಂದ ತುಸು ಕೆಳಗೆ, ಕಾಲೂರಲು ಮಾತ್ರ ಎಡೆಯಿದ್ದ ಒಂದು ಬಂಡೆಯ ಅಂಚಿನಲ್ಲಿ ರಾತ್ರಿ ಕಳೆಯಲು ನಿರ್ಧರಿಸಿದರು. ತಂದಿದ್ದ ಕಾಫಿ ಮಂಜುಗಡ್ಡೆಯಾಗಿತ್ತು. ದ್ರಾಕ್ಷಾರಸವೂ ಮೊಟ್ಟೆಯೂ ಹೆಪ್ಪುಗಟ್ಟಿ ಬಾಯಿಗಿಡಲು ಬಾರದಾಗಿದ್ದವು. ಹೊಟ್ಟೆಗೆ ಆಧಾರವಾದದ್ದು ಚಾಕೊಲೇಟ್ ಮಾತ್ರ.

ಅಂತಹ ಚಳಿಯಲ್ಲಿ ನಿದ್ರೆಯೇ ಶತ್ರು. ದಣಿದ ದೇಹ ಒಮ್ಮೆ ಕಣ್ಣು ಮುಚ್ಚಿದರೆ ಮತ್ತೆ ತೆರೆಯದಿರಬಹುದು. ಆದ್ದರಿಂದ ರಾತ್ರಿಯಿಡೀ ಕಾಲು ಕುಟ್ಟುತ್ತ, ಒಬ್ಬರನ್ನೊಬ್ಬರು ಮಾತಾಡಿಸುತ್ತ ಎಚ್ಚರವಿದ್ದರು. ಪಾದದಡಿಯಲ್ಲಿ ಪಾತಾಳ, ತಲೆಯ ಮೇಲೆ ತಿಳಿಯಾದ ಆಕಾಶ, ತುಂಬ ನಕ್ಷತ್ರ. ಎಲ್ಲೋ ದೊಡ್ಡದೊಂದು ಹಿಮಪಾತ ಗುಡುಗಿನಂತೆ ಉರುಳಿದ ಸದ್ದು ಆ ಮೌನವನ್ನು ಒಮ್ಮೆ ಕದಡಿತು. ಆ ಹೊತ್ತಿನ ತನ್ನ ಅನುಭವವನ್ನು ಅವರು ಬಳಿಕ ಇಟಲಿಯ ಆಲ್ಪೈನ್ ಸಂಘದ ಪ್ರಕಟಣೆಯಲ್ಲಿ ವಿವರವಾಗಿ ಬರೆದರು. ಅದರಲ್ಲಿ ಬಡಾಯಿ ಇಲ್ಲ. ಸೃಷ್ಟಿಕರ್ತನ ಮಹಿಮೆಯ ಮುಂದೆ ತಾವೆಷ್ಟು ಅಲ್ಪರೆಂಬ ಅರಿವು ಇದೆ, ಕೃತಜ್ಞತೆ ಇದೆ.

ಬೆಳಕು ಹರಿದ ಮೇಲೆ ನಾಲ್ವರೂ ಜುಮ್‌ಸ್ಟೈನ್ ಎಂಬ ಕಣಿವೆದಾರಿಯನ್ನು ದಾಟಿ ಸ್ವಿಟ್ಜರ್ಲೆಂಡಿನ ಜರ್ಮಾಟ್ ಕಡೆಗೆ ಇಳಿದರು. ಅದನ್ನು ಅದುವರೆಗೆ ಯಾರೂ ಈ ಬದಿಯಿಂದ ಆ ಬದಿಗೆ ದಾಟಿರಲಿಲ್ಲ. ಅದೇ ಬೇಸಿಗೆಯಲ್ಲಿ ಮ್ಯಾಟರ್‌ಹಾರ್ನ್ ಏರಿದರು. ಮರುವರ್ಷ, 1890ರಲ್ಲಿ, ಮಾಂಟ್ ಬ್ಲಾಂಕ್ ಶಿಖರದಿಂದ ಇಟಲಿಯ ಕಡೆಗೆ ಇಳಿಯಲು ಹೊಸ ದಾರಿಯನ್ನು ಕಂಡುಕೊಂಡರು. ಆ ದಾರಿಯನ್ನು ಪೋಪರ ದಾರಿ ಎಂದು ಕರೆಯುವುದುಂಟು.

ಪ್ರಿಯ ಓದುಗರೇ, ಇದನ್ನು ಹುಚ್ಚು ಸಾಹಸವೆನ್ನೋಣವೇ? ಆ ಕಾಲದಲ್ಲಿಯೂ ಹಾಗೆ ಭಾವಿಸುವವರಿದ್ದರು. ಫಾದರ್ ರತ್ತಿಯವರು ಇದನ್ನು ಒಪ್ಪಲಿಲ್ಲ. ನಿಜವಾದ ಪರ್ವತಾರೋಹಣದಲ್ಲಿ ದುಡುಕಿಗೆ ಎಡೆಯಿಲ್ಲ, ಅದಕ್ಕೆ ವಿವೇಕ, ಸ್ವಲ್ಪ ಧೈರ್ಯ ಮತ್ತು ಪ್ರಕೃತಿಯ ಮೇಲಿನ ಪ್ರೀತಿ ಬೇಕು ಎಂಬುದು ಅವರ ನಿಲುವು. ಸಂತ ಥಾಮಸ್ ಅಕ್ವೀನರನ್ನು ಓದಿದವರಿಗೆ ಇದು ಪರಿಚಿತ ವಿಚಾರವೇ. ಧೈರ್ಯವೆಂಬ ಸದ್ಗುಣದ ಒಂದು ಬದಿಯಲ್ಲಿ ಹೇಡಿತನ, ಇನ್ನೊಂದು ಬದಿಯಲ್ಲಿ ದುಸ್ಸಾಹಸ. ಎರಡೂ ಪಾಪಕ್ಕೆ ದಾರಿ. ಈ ಎರಡರ ನಡುವೆ ಕಾಲಿಡುವ ಜಾಗವನ್ನು ತೋರಿಸುವುದು ವಿವೇಕ. ಅಂದು ಬಂಡೆಯ ಅಂಚಿನಲ್ಲಿ ನಿಂತೇ ಇರಲು ತೀರ್ಮಾನಿಸಿದ್ದು ವಿವೇಕ. ಬೆಳಗಿನವರೆಗೆ ಕಣ್ಣು ಮುಚ್ಚದಿದ್ದದ್ದು ಧೈರ್ಯ.

ಈ ಗುಣ ಮುಂದೆ ಬೇರೆ ಕಡೆಗಳಲ್ಲಿ ಪರೀಕ್ಷೆಗೆ ಒಳಗಾಯಿತು. 1918ರಲ್ಲಿ ಅವರನ್ನು ಜಗದ್ಗುರುಗಳು ಪೋಲೆಂಡಿಗೆ ಕಳುಹಿಸಿದರು. 1920ರ ಆಗಸ್ಟಿನಲ್ಲಿ ಬೊಲ್ಶೆವಿಕ್ ಸೇನೆ ವಾರ್ಸಾ ನಗರದ ಹೊಸ್ತಿಲಿಗೆ ಬಂದಾಗ ಹೆಚ್ಚಿನ ರಾಯಭಾರಿಗಳು ಊರು ಬಿಟ್ಟರು. ರತ್ತಿಯವರು ಜನರೊಂದಿಗೆ ಉಳಿದರು. ಸ್ವರ್ಗಸ್ವೀಕೃತ ಮಾತೆಯ ಹಬ್ಬದ ದಿನಗಳಲ್ಲಿಯೇ ಆ ಸೇನೆ ಹಿಮ್ಮೆಟ್ಟಿತು. 1921ರಲ್ಲಿ ಮಿಲಾನಿನ ಮಹಾಧರ್ಮಾಧ್ಯಕ್ಷರೂ ಕಾರ್ಡಿನಲ್ಲರೂ ಆದರು. ಕೆಲವೇ ತಿಂಗಳಲ್ಲಿ, 1922ರ ಫೆಬ್ರವರಿ 6ರಂದು, ಜಗದ್ಗುರುಗಳಾಗಿ ಆರಿಸಲ್ಪಟ್ಟರು.

1870ರಿಂದ ಜಗದ್ಗುರುಗಳು ಇಟಲಿಯ ಸರಕಾರದೊಂದಿಗಿನ ವಿವಾದದಿಂದಾಗಿ ವ್ಯಾಟಿಕನ್ನಿನ ಗೋಡೆಯಿಂದ ಹೊರಗೆ ಕಾಲಿಡುತ್ತಿರಲಿಲ್ಲ. ಶಿಖರಗಳನ್ನು ಸುತ್ತಿದ ಈ ಮನುಷ್ಯ 1929ರ ಲ್ಯಾಟರನ್ ಒಪ್ಪಂದದವರೆಗೆ, ಏಳು ವರ್ಷ, ತೋಟದ ಹಾದಿಯಲ್ಲಿ ನಡೆದಾಡಿ ತೃಪ್ತಿಪಟ್ಟರು. ಆದರೆ ಬೆಟ್ಟವನ್ನು ಮರೆಯಲಿಲ್ಲ. 1923ರಲ್ಲಿ ಸಂತ ಬರ್ನಾರ್ಡರನ್ನು ಆಲ್ಪ್ಸ್ ನಿವಾಸಿಗಳಿಗೂ ಪಯಣಿಗರಿಗೂ ಆರೋಹಿಗಳಿಗೂ ಪಾಲಕ ಸಂತರೆಂದು ಘೋಷಿಸಿದರು. ಈ ಸಂತರು ಸುಮಾರು 1050ರಲ್ಲಿ, 2,400 ಮೀಟರಿಗೂ ಎತ್ತರದ ಕಣಿವೆದಾರಿಯಲ್ಲಿ ಒಂದು ಆಶ್ರಯಧಾಮ ಕಟ್ಟಿದರು. ಅಲ್ಲಿ ವರ್ಷದ ಬಹುಪಾಲು ಮಂಜು ಕರಗದು. ವಾಹನದ ರಸ್ತೆ ಬೇಸಿಗೆಯ ಕೆಲವು ತಿಂಗಳು ಮಾತ್ರ ತೆರೆದಿರುತ್ತದೆ. ಉಳಿದ ಕಾಲದಲ್ಲಿ ಹಿಮಜಾರುಗೆ ಕಟ್ಟಿಕೊಂಡೇ ಹೋಗಬೇಕು. ಶತಮಾನಗಳಿಂದ ಅಲ್ಲಿನ ಗುರುಗಳು ದಾರಿ ತಪ್ಪಿದವರನ್ನು ಹುಡುಕಿ ತಂದು ಬಿಸಿಯೂಟ ಕೊಟ್ಟಿದ್ದಾರೆ. ಅವರು ಸಾಕಿದ ನಾಯಿಗಳ ಹೆಸರು ಲೋಕಪ್ರಸಿದ್ಧ. ಬೆಟ್ಟಕ್ಕೆ ಹೋಗುವವರಿಗೆ ಒಬ್ಬ ಸಂತರನ್ನು ಕೊಡುವಾಗ, ಶಿಖರ ಗೆದ್ದವರನ್ನಲ್ಲ, ಚಳಿಯಲ್ಲಿ ಸಿಕ್ಕಿಬಿದ್ದವರಿಗೆ ಬಾಗಿಲು ತೆರೆದವರನ್ನು ಅವರು ಮುಂದಿಟ್ಟರು ಎಂಬುದನ್ನು ಗಮನಿಸಬೇಕು.

ಅವರ ಕಾಲದಲ್ಲಿ ಸ್ಥಳೀಯ ಗುರುಗಳಿಗೆ ಧರ್ಮಾಧ್ಯಕ್ಷರ ಹೊಣೆ ಕೊಡುವ ಕೆಲಸ ವೇಗ ಪಡೆಯಿತು. 1926ರಲ್ಲಿ ಆರು ಮಂದಿ ಚೀನೀ ಗುರುಗಳಿಗೆ ರೋಮಿನಲ್ಲಿ ಸ್ವತಃ ಅಭಿಷೇಕ ಮಾಡಿದರು. ನಮ್ಮ ಮಂಗಳೂರು ಧರ್ಮಪ್ರಾಂತ್ಯಕ್ಕೆ ಭಾರತೀಯರಾದ ವಲೇರಿಯನ್ ಡಿಸೋಜರವರು 1928ರಲ್ಲಿ ಧರ್ಮಾಧ್ಯಕ್ಷರಾಗಿ ನೇಮಕವಾದದ್ದೂ ಇವರಿಂದಲೇ.

ಅವರ ಎಲ್ಲ ಹೆಜ್ಜೆಗಳೂ ಸರಿಯಿದ್ದವೆಂದು ಹೇಳಲಾಗದು. ಇಟಲಿಯ ಮುಸೊಲಿನಿಯೊಂದಿಗೆ 1929ರಲ್ಲಿ, ಹಿಟ್ಲರನ ಜರ್ಮನಿಯೊಂದಿಗೆ 1933ರಲ್ಲಿ ಮಾಡಿಕೊಂಡ ಒಪ್ಪಂದಗಳ ಬಗ್ಗೆ ಇತಿಹಾಸಕಾರರು ಇಂದಿಗೂ ವಾದಿಸುತ್ತಾರೆ. ಧರ್ಮಸಭೆಯನ್ನು ಕಾಪಾಡಲೆಂದು ಮಾಡಿದ್ದು ದುಷ್ಟರಿಗೆ ಮರ್ಯಾದೆ ತಂದುಕೊಟ್ಟಿತೇ ಎಂಬ ಪ್ರಶ್ನೆ ಸಣ್ಣದಲ್ಲ. ಆದರೆ ಕಾಲಡಿಯ ಹಿಮ ಸಡಿಲವೆಂದು ಕಂಡಾಗ ಅವರು ದಾರಿ ಬದಲಿಸಿದರು. 1931ರಲ್ಲಿ ಫ್ಯಾಸಿಸ್ಟರ ದಬ್ಬಾಳಿಕೆಯನ್ನು ಪರಿಪತ್ರದ ಮೂಲಕ ಬಯಲಿಗೆಳೆದರು. 1937ರಲ್ಲಿ ನಾಜಿಗಳ ವಿರುದ್ಧ ಜರ್ಮನ್ ಭಾಷೆಯಲ್ಲಿಯೇ ಪರಿಪತ್ರ ಬರೆದರು. ಅದನ್ನು ಗುಟ್ಟಾಗಿ ಜರ್ಮನಿಗೆ ಒಯ್ದು, ಮುದ್ರಿಸಿ, ಗರಿಗಳ ಭಾನುವಾರದಂದು ದೇವಾಲಯಗಳಲ್ಲಿ ಓದಲಾಯಿತು. 1938ರ ಮೇ ತಿಂಗಳಲ್ಲಿ ಹಿಟ್ಲರ್ ರೋಮಿಗೆ ಬಂದಾಗ ಮುದುಕರಾದ ಜಗದ್ಗುರುಗಳು ವ್ಯಾಟಿಕನ್ನಿನ ಸಂಗ್ರಹಾಲಯಗಳಿಗೆ ಬೀಗ ಹಾಕಿಸಿ ಊರು ಬಿಟ್ಟು ಹೋದರು. ಆಗ ಅವರ ಆರೋಗ್ಯ ಕೆಟ್ಟಿತ್ತು, ಯುರೋಪಿನ ಮೇಲೆ ಯುದ್ಧದ ಕತ್ತಲೆ ಇಳಿಯುತ್ತಿತ್ತು. ಆದರೂ ಕಣ್ಣು ಮುಚ್ಚಲಿಲ್ಲ. 1939ರ ಫೆಬ್ರವರಿ 10ರಂದು ದೈವಾಧೀನರಾದರು.

ಮಕ್ಕಳು ಬೆಟ್ಟಕ್ಕೆ ಹೊರಟಾಗ ಬೇಡವೆಂದು ತಡೆಯುವುದಕ್ಕಿಂತ ಹೇಗೆ ಹೋಗಬೇಕೆಂದು ಕಲಿಸುವುದು ಹೆಚ್ಚು ಫಲಕಾರಿ. ದಾರಿ ಬಲ್ಲವರ ಮಾತು ಕೇಳಿರಿ, ಭಾನುವಾರದ ಬಲಿಪೂಜೆ ತಪ್ಪಿಸದಿರಿ, ಜೊತೆಗಾರನನ್ನು ಬಿಟ್ಟು ಮುಂದೆ ಓಡದಿರಿ, ಹವೆ ಕೆಟ್ಟರೆ ಹಿಂದಿರುಗಲು ನಾಚದಿರಿ ಎಂದು ಹೇಳಿ ಕಳುಹಿಸೋಣ. ಹೀಗೆ ಬೆಟ್ಟ ಹತ್ತಲು ಕಲಿತವರು ಸಂಸಾರದ ಕಷ್ಟದ ದಿನಗಳಲ್ಲಿಯೂ ದುಡುಕುವುದಿಲ್ಲ, ಎದೆಗುಂದುವುದೂ ಇಲ್ಲ. ಗೆತ್ಸೆಮನೆ ತೋಪಿನಲ್ಲಿ ಪ್ರಭು ತನ್ನ ಶಿಷ್ಯರಿಂದ ಬೇಡಿದ್ದು ಒಂದು ತಾಸಿನ ಎಚ್ಚರವನ್ನು. ನಮ್ಮ ನಮ್ಮ ಮನೆಗಳಲ್ಲಿ, ರೋಗಿಯ ಹಾಸಿಗೆಯ ಬಳಿ, ದಾರಿ ತಪ್ಪಿದ ಮಗನಿಗಾಗಿ ಕಾಯುವ ರಾತ್ರಿಯಲ್ಲಿ, ಆ ಎಚ್ಚರದ ವರವನ್ನು ಪ್ರಭು ನಮಗೂ ಅನುಗ್ರಹಿಸಲಿ.