ಹಿಮದಲ್ಲಿ ದಾರಿ ಮಾಡಿದ ಮೆಕ್ಯಾನಿಕ್

ಈದ್ ರಜೆಯಲ್ಲಿ ನಾನು ಮಾವನ ಗ್ಯಾರೇಜಿಗೆ ಹೋಗಿದ್ದೆ. ಹಳೆಯ ಜೀಪೊಂದರ ಬಾನೆಟ್ ತೆರೆದಿತ್ತು. ಮಾವ ಆಕ್ಸಿಲರೇಟರ್ ಒತ್ತಿದ ಕೂಡಲೇ ಇಡೀ ಎಂಜಿನ್ ಒಂದು ಪಕ್ಕಕ್ಕೆ ವಾಲಿತು. ಸವೆದ ರಬ್ಬರ್ ಮೌಂಟಿಂಗ್ ತೋರಿಸಿ, ಇದೇ ಕಾರಣ ಎಂದರು ಮಾವ. ತರಗತಿಯಲ್ಲಿ ಓದಿದ ನ್ಯೂಟನ್ನನ ಮೂರನೇ ನಿಯಮ ನನ್ನ ಕಣ್ಣಿಗೆ ಕಂಡದ್ದು ಅಂದೇ. ಎಂಜಿನ್ ಏನನ್ನಾದರೂ ಒಂದು ದಿಕ್ಕಿಗೆ ತಿರುಗಿಸಿದರೆ, ತಾನು ಎದುರು ದಿಕ್ಕಿಗೆ ತಿರುಚಿಕೊಳ್ಳಲು ನೋಡುತ್ತದೆ. ಅದನ್ನು ಹಿಡಿದಿಡಬೇಕು.

ಈ ವಿಷಯವನ್ನು ಓದುತ್ತಾ ಹೋದಾಗ ನನಗೆ ಪರಿಚಯವಾದವರು ಜೋಸೆಫ್ ಅರ್ಮಾಂಡ್ ಬೊಂಬಾರ್ಡಿಯರ್. ಹಿಮದ ಮೇಲೆ ಓಡುವ ಸ್ನೋಮೊಬೈಲನ್ನು ಜನಸಾಮಾನ್ಯರಿಗೆ ತಲುಪಿಸಿದವರು ಅವರು.

ಅವರು ಹುಟ್ಟಿದ್ದು 1907ರ ಏಪ್ರಿಲ್ 16ರಂದು, ಕೆನಡಾದ ಕ್ವಿಬೆಕ್ ಪ್ರಾಂತ್ಯದ ವಾಲ್ಕೂರ್ ಎಂಬ ಹಳ್ಳಿಯಲ್ಲಿ. ಅಲ್ಲಿ ಚಳಿಗಾಲ ಬಂದರೆ ರಸ್ತೆಗಳು ಹಿಮದಡಿ ಮುಚ್ಚಿಹೋಗುತ್ತಿದ್ದವು. 1922ರ ಕೊನೆಯಲ್ಲಿ, 15ನೇ ವಯಸ್ಸಿನಲ್ಲಿ, ಅವರು ತಂದೆ ಕೊಟ್ಟ ಹಳೆಯ ಫೋರ್ಡ್ ಕಾರಿನ ಎಂಜಿನ್ನನ್ನು ಜಾರುಬಂಡಿಗೆ ಕಟ್ಟಿ, ಹಿಂದೆ ಮರದ ಫ್ಯಾನ್ ಜೋಡಿಸಿ, ತಮ್ಮನೊಂದಿಗೆ ಊರಿನ ನಡುವೆ ಓಡಿಸಿಬಿಟ್ಟರು. ತೆರೆದು ತಿರುಗುವ ಆ ಫ್ಯಾನ್ ಕಂಡು ತಂದೆ ಹೆದರಿದರು. ಕೂಡಲೇ ಬಿಚ್ಚಿಹಾಕಲು ಹೇಳಿದರು. ಮಗ ಪಾದ್ರಿಯಾಗಲಿ ಎಂಬುದು ಮನೆಯವರ ಆಸೆ. ಮಗನ ಮನಸ್ಸು ಯಂತ್ರಗಳಲ್ಲಿತ್ತು. 1926ರಲ್ಲಿ, 19ನೇ ವಯಸ್ಸಿಗೆ, ಅವರು ವಾಲ್ಕೂರಿನಲ್ಲೇ ಸ್ವಂತ ಗ್ಯಾರೇಜು ತೆರೆದರು.

1934ರ ಚಳಿಗಾಲದಲ್ಲಿ ಅವರ ಎರಡು ವರ್ಷದ ಮಗ ಇವೋನ್‌ಗೆ ಅಪೆಂಡಿಕ್ಸ್ ತೊಂದರೆ ಕಾಣಿಸಿತು. ಆಸ್ಪತ್ರೆ ದೂರದ ಶೆರ್ಬ್ರೂಕ್ ನಗರದಲ್ಲಿತ್ತು. ರಸ್ತೆಗಳೆಲ್ಲ ಹಿಮದಿಂದ ಮುಚ್ಚಿದ್ದವು. ಗ್ಯಾರೇಜಿನಲ್ಲಿದ್ದ ಹಿಮವಾಹನ ಇನ್ನೂ ಓಡುವ ಸ್ಥಿತಿಯಲ್ಲಿರಲಿಲ್ಲ. ಮಗು ಉಳಿಯಲಿಲ್ಲ. ಎಂಜಿನ್ ಬಿಚ್ಚಿ ಜೋಡಿಸಬಲ್ಲ ತಂದೆ ಸ್ವಂತ ಮಗುವನ್ನು ಆಸ್ಪತ್ರೆಗೆ ಸಾಗಿಸಲಾಗದೆ ನಿಂತ ಆ ದಿನವನ್ನು ನೆನೆದಾಗ ನನಗೆ ಮುಂದೆ ಓದಲಾಗಲಿಲ್ಲ.

ಅವರು ಕೆಲಸ ಬಿಡಲಿಲ್ಲ. ತೊಂದರೆ ಇದ್ದದ್ದು ಎಂಜಿನ್ನಿನ ಶಕ್ತಿಯನ್ನು ಹಿಮಕ್ಕೆ ತಲುಪಿಸುವುದರಲ್ಲಿ. ಸಾಧಾರಣ ಚಕ್ರ ಹಿಮದಲ್ಲಿ ಹೂತು ನಿಂತಲ್ಲೇ ತಿರುಗುತ್ತದೆ. ಬೊಂಬಾರ್ಡಿಯರ್ ರಬ್ಬರ್ ಹೊದಿಸಿದ ಹಲ್ಲುಚಕ್ರ ಮತ್ತು ಅದರ ಸುತ್ತ ಓಡುವ ಅಗಲವಾದ ಪಟ್ಟಿಯನ್ನು ರೂಪಿಸಿದರು. ಪಟ್ಟಿ ಭಾರವನ್ನು ಹರಡಿ ಹಿಮವನ್ನು ಹಿಡಿಯುತ್ತದೆ. ಇದಕ್ಕೆ 1937ರಲ್ಲಿ ಪೇಟೆಂಟ್ ದೊರೆಯಿತು. ಏಳು ಜನ ಕೂರಬಹುದಾದ ಅವರ ಮುಚ್ಚಿದ ವಾಹನಗಳನ್ನು ಹಳ್ಳಿಯ ವೈದ್ಯರೂ ಅಂಚೆಯವರೂ ಕೊಂಡರು. ಹಿಮದಲ್ಲಿ ಸಿಕ್ಕಿಕೊಂಡಿದ್ದ ಬೇರೆಯವರ ಮಕ್ಕಳ ಬಳಿಗೆ ವೈದ್ಯರು ಬರುವಂತಾಯಿತು.

1948ರಲ್ಲಿ ಕ್ವಿಬೆಕ್ ಸರ್ಕಾರ ರಸ್ತೆಗಳ ಹಿಮ ತೆಗೆಸಲು ಕ್ರಮ ಕೈಗೊಂಡಾಗ ದೊಡ್ಡ ವಾಹನಗಳ ಮಾರಾಟ ಕುಸಿಯಿತು. ಆಗ ಅವರು ಬೇರೆ ಕೆಲಸಗಳಿಗೆ ಪಟ್ಟಿವಾಹನ ಮಾಡಿದರು. ಹಗುರ ಎಂಜಿನ್‌ಗಳು ಬಂದ ಮೇಲೆ 1959ರಲ್ಲಿ ಸ್ಕಿ-ಡೂ ಎಂಬ ಚಿಕ್ಕ ಸ್ನೋಮೊಬೈಲ್ ತಂದರು. 1964ರ ಫೆಬ್ರವರಿ 18ರಂದು, 56ನೇ ವಯಸ್ಸಿನಲ್ಲಿ, ಕ್ಯಾನ್ಸರಿನಿಂದ ತೀರಿಕೊಂಡರು.

ಆ ಕಾಲದ ಚಿಕ್ಕ ಸ್ನೋಮೊಬೈಲ್‌ಗಳನ್ನು ಈಗಲೂ ರಿಪೇರಿ ಮಾಡಿ ಓಡಿಸುವವರಿದ್ದಾರೆ. ಮಾವನ ಜೀಪಿನ ಸಮಸ್ಯೆ ಅವರಿಗೂ ಇದೆ. ಎಂಜಿನ್ ರಬ್ಬರ್ ಮೇಲೆ ಕೂತಿರುತ್ತದೆ. ವೇಗ ಹೆಚ್ಚಿಸಿದಾಗ ಬೆಲ್ಟ್ ಅದನ್ನು ಒಂದು ಬದಿಯಿಂದ ಎಳೆಯುತ್ತದೆ. ಎಂಜಿನ್ ತಿರುಚಿದರೆ ಎರಡು ಪುಲ್ಲಿಗಳು ನೇರ ತಪ್ಪಿ, ಬೆಲ್ಟ್ ಅಂಚು ಸವೆದು ಹರಿಯುತ್ತದೆ. ಅದಕ್ಕಾಗಿ ಎಂಜಿನ್ ಸರಿಯುವ ಕಡೆಗೆ, ತಲೆಗೆ ರಬ್ಬರ್ ತುಂಡು ಇರುವ ಒಂದು ಬೋಲ್ಟನ್ನು ಚೌಕಟ್ಟಿಗೆ ಹಾಕಿ, ಎಂಜಿನ್ನಿಗೆ ತಾಗುವಂತೆ ಹೊಂದಿಸಿ ನಟ್ ಬಿಗಿಯುತ್ತಾರೆ. ತೀರಾ ಒತ್ತಿದರೆ ನಡುಕ ಚೌಕಟ್ಟಿಗೆ ಹರಡುತ್ತದೆ. ಸಡಿಲ ಬಿಟ್ಟರೆ ಪ್ರಯೋಜನವಿಲ್ಲ. ಹಿಮದ ಬಯಲಿನಲ್ಲಿ ಬೆಲ್ಟ್ ಹರಿದರೆ ಸವಾರ ಅಲ್ಲೇ ಉಳಿಯಬೇಕಾದೀತು. ಆ ಸಣ್ಣ ಬೋಲ್ಟಿನ ಬೆಲೆ ಆಗ ತಿಳಿಯುತ್ತದೆ.

ಮಾವ ಜೀಪಿಗೆ ಹೊಸ ಮೌಂಟಿಂಗ್ ಹಾಕಿದಾಗ ಕೊನೆಯ ನಟ್ ಬಿಗಿಯಲು ನನಗೆ ಬಿಟ್ಟರು. ಎರಡು ಸಲ ಪರೀಕ್ಷಿಸಿ ಬಿಗಿದೆ.