ಹೆರ್ಮನ್ ಆನಂದರಾವ್ ಕೌಂಡಿನ್ಯರು

1824ನೆಯ ಇಸವಿಯ ಡಿಸೆಂಬರ ತಿಂಗಳಲ್ಲಿ ಕಿತ್ತೂರಿನ ಕೋಟೆಯು ಬಿದ್ದು, ರಾಣಿ ಚೆನ್ನಮ್ಮನವರು ಬೈಲಹೊಂಗಲದಲ್ಲಿ ಸೆರೆಯಾಳಾಗಿದ್ದ ಸಂಗತಿಯನ್ನು ನಮ್ಮ ಸೀಮೆಯವರೆಲ್ಲರೂ ಬಲ್ಲರು. ಆ ದಿನಗಳಲ್ಲಿಯೇ, ಅಂದರೆ 1825ರಲ್ಲಿ, ಮಂಗಳೂರಿನ ಒಂದು ಸಾರಸ್ವತ ಬ್ರಾಹ್ಮಣ ಮನೆತನದಲ್ಲಿ ಆನಂದರಾಯರು ಹುಟ್ಟಿದರು. ಸವದತ್ತಿ, ರಾಮದುರ್ಗಗಳ ಕಡೆಯ ಹಳ್ಳಿಗಳಲ್ಲಿ ಒಂಟಿ ಮನೆಯವರಾಗಿದ್ದು ಕರ್ತನನ್ನು ಸೇವಿಸುವವರಿಗೆ ಇವರ ಚರಿತ್ರೆಯು ಪರಕೀಯವೆಂದು ತೋರಲಾರದು.

ಬಾಸೆಲ್ ಮಿಶನಿನವರು 1834ರಲ್ಲಿ ಮಂಗಳೂರಿಗೆ ಬಂದಿದ್ದರು. ಅವರಲ್ಲಿ ಹೆರ್ಮನ್ ಮೋಗ್ಲಿಂಗ್ ಬೋಧಕರು ಇಂಗ್ಲಿಷ್ ಶಾಲೆಯಲ್ಲಿ ಕಲಿಸುತ್ತಿದ್ದರು. ಆನಂದರಾಯರು ಆ ಶಾಲೆಯ ವಿದ್ಯಾರ್ಥಿಗಳು. ಅಲ್ಲಿ ಸತ್ಯವೇದವನ್ನು ಓದಿ, ಬಹಳ ಕಾಲ ಆಲೋಚಿಸಿ, ಇನ್ನಿಬ್ಬರು ಬ್ರಾಹ್ಮಣ ಯುವಕರೊಡನೆ ಅವರು 1844ನೆಯ ಜನವರಿ 6ನೆಯ ತಾರೀಖಿನಲ್ಲಿ ಸ್ನಾನದೀಕ್ಷೆಯನ್ನು ಹೊಂದಿದರು. ಗುರುಗಳ ಹೆಸರನ್ನೇ ತಮಗೂ ಇಟ್ಟುಕೊಂಡರು. ಆಗ ಅವರಿಗೆ ಇನ್ನೂ ಇಪ್ಪತ್ತು ವರುಷ ತುಂಬಿರಲಿಲ್ಲ.

ಪಟ್ಟಣವೆಲ್ಲಾ ಕಲಕಿಹೋಯಿತು. ಮಿಶನಿನ ಮನೆಗೆ ಅಧಿಕಾರಿಗಳು ಕಾವಲಿಡಬೇಕಾಯಿತು. ಹುಡುಗರು ಶಾಲೆಯನ್ನು ಬಿಟ್ಟುಹೋದರು. ಹೊರಗಿನ ಗದ್ದಲವಾದರೋ ಕೆಲವು ಕಾಲದಲ್ಲಿ ಅಡಗಿತು. ಮನೆಯ ಬಾಗಿಲು ಮುಚ್ಚಿದ್ದೇ ಅದಕ್ಕಿಂತ ಘೋರವಾದದ್ದೆಂದು ನಮಗೆ ತೋರುತ್ತದೆ. ಮತವನ್ನು ಬಿಟ್ಟವನ ಪಿತ್ರಾರ್ಜಿತದ ಹಕ್ಕನ್ನು ಕಾಯುವ ಕಾಯಿದೆಯು 1850ರಲ್ಲಿ ಮಾತ್ರವೇ ಹುಟ್ಟಿತು. ಅದಕ್ಕೆ ಮುಂಚೆ ಜಾತಿಯೊಂದಿಗೆ ಆಸ್ತಿಯೂ ಹೋಗುವ ಭಯವಿತ್ತು. ಬಾಲ್ಯದಲ್ಲಿ ಮದುವೆಯಾಗಿದ್ದ ಪತ್ನಿ ಲಕ್ಷ್ಮಿಯು ಅವರೊಂದಿಗೆ ಬಾಳಲು ಬರಲಿಲ್ಲ. ಆಕೆಯನ್ನು ದೂಷಿಸುವದು ನ್ಯಾಯವಲ್ಲ. ಕುಲವೆಲ್ಲಾ ಒಂದು ಕಡೆ ನಿಂತಾಗ ಆ ಬಾಲೆಯ ಕೈಯಲ್ಲಿ ಏನಿತ್ತು? ಆನಂದರಾಯರು ಪುನಃ ವಿವಾಹವಾದದ್ದು 1860ರಲ್ಲಿ, ದೀಕ್ಷೆಯಾಗಿ ಹದಿನಾರು ವರುಷಗಳಾದ ಮೇಲೆಯೇ. ಆಗ ಮಾರೀ ರೈನ್‌ಹಾರ್ಟ್ ಎಂಬ ಜರ್ಮನ್ ಕನ್ನಿಕೆಯು ಅವರ ಕೈಹಿಡಿದಳು.

1846ರಲ್ಲಿ ಅವರು ಮೋಗ್ಲಿಂಗರ ಸಂಗಡ ಯುರೋಪಿಗೆ ಹೋಗಿ, ಬಾಸೆಲಿನಲ್ಲಿ ದೇವಶಾಸ್ತ್ರವನ್ನು ಕಲಿತು, 1851ರಲ್ಲಿ ಬೋಧಕಾಭಿಷೇಕವನ್ನು ಹೊಂದಿದರು. ಅಲ್ಲಿಯೇ ನೆಲೆಗೊಳ್ಳದೆ, ತಮ್ಮನ್ನು ತಳ್ಳಿಬಿಟ್ಟ ಮಂಗಳೂರಿಗೇ ತಿರಿಗಿ ಬಂದರು. ಬಲ್ಮಠದ ಸೆಮಿನೆರಿಯಲ್ಲಿ ಉಪದೇಶಿಗಳಾಗತಕ್ಕ ಯೌವನಸ್ಥರಿಗೆ ಕಲಿಸಿದರು. ಮಂಗಳೂರಿನಲ್ಲಿ ಕಲಿತ ಉಪದೇಶಿಗಳು ಧಾರವಾಡ, ಹುಬ್ಬಳ್ಳಿ, ಬೆಟಗೇರಿಗಳ ಕಡೆಗೂ ಬಂದು ಸೇವೆಮಾಡಿದರು. ಮನೆಯವರು ಕೈಬಿಟ್ಟರೆ ಗತಿಯೇನೆಂದು ಅಂಜುವ ಶಿಷ್ಯನಿಗೆ ಪುಸ್ತಕವನ್ನು ತೆರೆಯುವ ಮೊದಲೇ ಆ ಗುರುಗಳ ಬಾಳು ಪಾಠವಾಗಿದ್ದಿರಬೇಕು.

ಕೊಡಗಿನ ಸಂಗತಿಯನ್ನೂ ಹೇಳದೆ ಬಿಡಲಾಗದು. ಆ ಸೀಮೆಯ ಹೊಲೆಯರು ತಲೆತಲಾಂತರದಿಂದ ಒಡೆಯರ ಗದ್ದೆಗಳಿಗೆ ಕಟ್ಟುಬಿದ್ದ ಜೀತದಾಳುಗಳು. 1843ನೆಯ ಕಾಯಿದೆಯು ದಾಸತ್ವಕ್ಕೆ ಕೋರ್ಟಿನ ಬಲವನ್ನು ತೆಗೆದುಹಾಕಿದ್ದರೂ, ಒಡೆಯನನ್ನು ಬಿಟ್ಟರೆ ಊಟಕ್ಕೂ ಗುಡಿಸಲಿಗೂ ನೆಲವೆಲ್ಲಿ? ಅವರಲ್ಲಿ ಸುವಾರ್ತೆಗೆ ಕಿವಿಗೊಟ್ಟವರಿಗಾಗಿ ಮೋಗ್ಲಿಂಗರೂ ಕೌಂಡಿನ್ಯರೂ ಕೂಡಿ ಒಂದು ಊರನ್ನು ಕಟ್ಟಿಸಿದರು. ಅದಕ್ಕೆ ಆನಂದರಾಯರ ಹೆಸರಿನಿಂದಲೇ ಆನಂದಪುರವೆಂದು ಹೆಸರಾಯಿತು. ಕಾಫಿ ತೋಟದಲ್ಲಿ ಕೆಲಸ, ಕೆಲಸಕ್ಕೆ ಕೂಲಿ. ಆಸ್ತಿಯ ಭಯವನ್ನು ತಾವೇ ಉಂಡಿದ್ದ ಬ್ರಾಹ್ಮಣರ ಮಗನು ಹೊಲೆಯರ ನೆಲೆಗಾಗಿ ಚಿಂತಿಸಿದನು.

ಮೋಗ್ಲಿಂಗರು 1860ರಲ್ಲಿ ಸ್ವದೇಶಕ್ಕೆ ಹಿಂತಿರುಗಿ 1881ರಲ್ಲಿ ತೀರಿಹೋದರು. ಕೌಂಡಿನ್ಯರು ಮಾತ್ರ ಕನ್ನಡ ನಾಡಿನ ಸಭೆಯ ಸೇವೆಯಲ್ಲಿಯೇ ಉಳಿದು 1893ರಲ್ಲಿ ಕರ್ತನಲ್ಲಿ ನಿದ್ರೆಹೋದರು.