ದಿಂಡಿಗಲ್ಲಿನ ಫೌಜುದಾರ ಹೈದರಾಲಿ

ನಮ್ಮ ಮನೆತನದ ಹಿರಿಯರ ಹೆಸರುಗಳನ್ನು ಐದಾರು ತಲೆಮಾರುಗಳವರೆಗೆ ಹೇಳಬಲ್ಲವರು ನಮ್ಮಲ್ಲಿ ಇದ್ದಾರೆ. ಆದರೆ ಅವರು ಯಾವ ಇಸವಿಯಲ್ಲಿ ಬಾಳಿದರೆಂದು ಹೇಳಬಲ್ಲವರು ವಿರಳ. ಕಂಬಂ ಕಣಿವೆಯಲ್ಲಿ ಇಂದಿಗೂ ಮನೆಮಾತಾಗಿ ಕನ್ನಡವನ್ನು ಉಳಿಸಿಕೊಂಡು ಬಂದಿರುವ ಒಕ್ಕಲಿಗ ಕುಟುಂಬಗಳಲ್ಲಿ ಬರೆದಿಟ್ಟ ದಾಖಲೆಗಳಿಗಿಂತ ಬಾಯಿಮಾತಿನ ನೆನಪೇ ಹೆಚ್ಚು. ಇಂಥ ನೆನಪುಗಳಿಗೆ ಕಾಲವನ್ನು ಗೊತ್ತುಮಾಡಬೇಕಾದರೆ, ಅಂದು ಈ ಸೀಮೆಯನ್ನು ಆಳಿದವರ ಚರಿತ್ರೆಯೇ ಅಳತೆಗೋಲು. ಆದುದರಿಂದ ಈ ನೆಲದಲ್ಲಿಯೇ ಅಧಿಕಾರದ ಮೊದಲ ಮೆಟ್ಟಿಲನ್ನೇರಿದ ಹೈದರಾಲಿಯ ಜೀವನವನ್ನು ಇಲ್ಲಿ ಸಂಗ್ರಹವಾಗಿ ನಿರೂಪಿಸುತ್ತೇವೆ.

ಹೈದರನು ಕೋಲಾರ ಸೀಮೆಯ ಬೂದಿಕೋಟೆಯಲ್ಲಿ ಸುಮಾರು 1720ರ ವೇಳೆಗೆ ಜನಿಸಿದನು. ತಂದೆ ಫತೇಮಹಮ್ಮದನು ಶಿರಾದ ಸುಬೇದಾರನ ಸೇವೆಯಲ್ಲಿದ್ದು ಯುದ್ಧದಲ್ಲಿ ಮಡಿದಾಗ ಹೈದರನಿನ್ನೂ ಎಳೆಯ ಬಾಲಕ. ಓದುಬರಹ ಅವನಿಗೆ ಒಲಿಯಲಿಲ್ಲ; ಆದರೆ ಅವನ ಜ್ಞಾಪಕಶಕ್ತಿ ಅಸಾಧಾರಣವಾಗಿತ್ತು. ಮೈಸೂರಿನ ಸೈನ್ಯವನ್ನು ಸೇರಿ 1749ರ ದೇವನಹಳ್ಳಿ ಮುತ್ತಿಗೆಯಲ್ಲಿ ತೋರಿದ ಸಾಹಸದಿಂದ ಸರ್ವಾಧಿಕಾರಿ ನಂಜರಾಜಯ್ಯನ ಗಮನಕ್ಕೆ ಬಂದನು.

ದಿಂಡಿಗಲ್ ಕೋಟೆಯು 1745ರಲ್ಲಿಯೇ ಮೈಸೂರಿನ ವಶವಾಗಿದ್ದಿತು. ಬೋಡಿನಾಯಕನೂರು, ತೇವಾರಂ, ಕೊಂಬೈ ಮೊದಲಾದ ಪಾಳೆಯಗಳು ಈ ಸೀಮೆಗೆ ಸೇರಿದ್ದವು. ಕಪ್ಪ ಕೊಡದೆ ತಿರುಗಿಬಿದ್ದ ಪಾಳೆಯಗಾರರನ್ನು ಅಡಗಿಸಲು 1755ರಲ್ಲಿ ಹೈದರನನ್ನು ಫೌಜುದಾರನನ್ನಾಗಿ ಕಳುಹಿಸಲಾಯಿತು. ಅವನು ಪಳನಿ, ವಿರೂಪಾಕ್ಷಿಗಳ ಪಾಳೆಯಗಾರರನ್ನು ಮಣಿಸಿ, ಫ್ರೆಂಚ್ ಕುಶಲಿಗಳ ನೆರವಿನಿಂದ ಇಲ್ಲಿ ಮದ್ದುಗುಂಡಿನ ಕಾರ್ಖಾನೆಯನ್ನು ಸ್ಥಾಪಿಸಿದನು. 1757ರಲ್ಲಿ ಮದುರೆಯ ಕಡೆಗೆ ನುಗ್ಗಿದಾಗ ಯೂಸುಫ್ ಖಾನನ ಎದುರು ಹಿಂದೆ ಸರಿಯಬೇಕಾಯಿತು. ಆದರೂ ಹಣ, ಸೈನ್ಯ, ಫಿರಂಗಿ ಈ ಮೂರನ್ನೂ ಅವನು ಕೂಡಿಹಾಕಿದ್ದು ದಿಂಡಿಗಲ್ಲಿನಲ್ಲಿಯೇ. ಅದರ ಬಲದಿಂದ 1761ರಲ್ಲಿ ಮೈಸೂರಿನ ಆಡಳಿತವೆಲ್ಲವೂ ಅವನ ಕೈಸೇರಿತು. ಒಡೆಯರು ಹೆಸರಿಗೆ ಮಾತ್ರ ಅರಸರಾಗಿ ಉಳಿದರೆಂಬುದನ್ನೂ ಇಲ್ಲಿ ಹೇಳಲೇಬೇಕು.

ಮುಂದೆ 1769ರಲ್ಲಿ ಮದರಾಸಿನ ಬಾಗಿಲಲ್ಲಿ ನಿಂತು ಇಂಗ್ಲಿಷರನ್ನು ಸಂಧಿಗೆ ಒಪ್ಪಿಸಿದನು. 1772ರಲ್ಲಿ ಪತಿಯನ್ನು ಕಳೆದುಕೊಂಡ ಶಿವಗಂಗೆಯ ರಾಣಿ ವೇಲು ನಾಚಿಯಾರಳಿಗೆ ಈ ಸೀಮೆಯಲ್ಲಿ ಆಶ್ರಯವನ್ನೂ ಬಳಿಕ ಸೇನಾಬಲವನ್ನೂ ಒದಗಿಸಿದನು. 1782ರ ಡಿಸೆಂಬರ್ 7ರಂದು, ಯುದ್ಧವಿನ್ನೂ ನಡೆಯುತ್ತಿರುವಾಗಲೇ, ಬೆನ್ನುಹುಣ್ಣಿನ ಬೇನೆಯಿಂದ ಚಿತ್ತೂರಿನ ಬಳಿಯ ಬಿಡಾರದಲ್ಲಿ ತೀರಿಕೊಂಡನು. ಅವನ ಸಮಾಧಿ ಶ್ರೀರಂಗಪಟ್ಟಣದ ಗುಂಬಜಿನಲ್ಲಿದೆ. 1792ರ ಶ್ರೀರಂಗಪಟ್ಟಣದ ಒಪ್ಪಂದದಂತೆ ದಿಂಡಿಗಲ್ ಸೀಮೆಯು ಇಂಗ್ಲಿಷರ ಪಾಲಾಗಿ, ಮೈಸೂರಿನೊಡನೆ ಇದಕ್ಕಿದ್ದ ಆಡಳಿತದ ನಂಟು ಕಡಿದುಹೋಯಿತು.

ಇಲ್ಲಿನ ಕನ್ನಡಿಗರೆಲ್ಲರೂ ಹೈದರನ ದಂಡಿನೊಡನೆ ಬಂದವರೆಂದು ಭಾವಿಸುವುದು ಸರಿಯಲ್ಲ. ಅವನಿಗಿಂತ ಮೊದಲೇ ನೆಲಸಿದ ಸಂಗತಿಯನ್ನು ಹೇಳುವ ಐತಿಹ್ಯಗಳೂ ನಮ್ಮಲ್ಲಿವೆ. ಆದರೆ 1745, 1755, 1792 ಎಂಬ ಮೂರು ಇಸವಿಗಳನ್ನು ಮುಂದಿಟ್ಟುಕೊಂಡು ಮನೆಯ ಹಿರಿಯರನ್ನು ವಿಚಾರಿಸಿದರೆ ದಾರಿ ಕಾಣುತ್ತದೆ. ಒಂದು ತಲೆಮಾರಿಗೆ ಇಪ್ಪತ್ತೈದು ಮೂವತ್ತು ವರ್ಷಗಳಂತೆ ಹಿಂದಕ್ಕೆ ಎಣಿಸಿದರೆ ಎಂಟೊಂಬತ್ತನೆಯ ಹಿರಿಯನು ಫೌಜುದಾರನ ಕಾಲವನ್ನು ಕಂಡವನಾಗಿರಬಹುದು. ಅಕ್ಷರವರಿಯದ ಹೈದರನ ಬಾಳನ್ನು ಅನ್ಯರು ಬರೆದಿಟ್ಟರು. ಇದೇ ನೆಲವನ್ನು ಉತ್ತು ಬೆಳೆದ ನಮ್ಮ ಅಜ್ಜಂದಿರ ಬಾಳನ್ನು ಬರೆಯತಕ್ಕವರು ನಾವೇ. ಹೇಳಬಲ್ಲ ಹಿರಿಯರು ನಮ್ಮೊಡನಿರುವಾಗಲೇ ಆ ಕೆಲಸ ಆಗತಕ್ಕದ್ದು.